ಪುಂಡಲೀಕ ಜೋಡಿಸಿದ ಬೈಕು

ಅಂಕೋಲೆಯ ಪುಂಡಲೀಕನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಇಪ್ಪತ್ತಾರು ವರ್ಷ ಅದು ಬೋರ್ಡಿಲ್ಲದೆಯೇ ನಡೆಯಿತು. ಬೈಕು ಕೆಟ್ಟು ತಳ್ಳಿಕೊಂಡು ಬಂದವರು ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಕೈ ತೋರಿಸುತ್ತಿದ್ದರು. ಹಂಚಿನ ಮಾಡಿನ ಒಂದು ಕೋಣೆ, ಎದುರಿಗೆ ಎಣ್ಣೆ ಕುಡಿದು ಕಪ್ಪಾದ ಅಂಗಳ. ಅಲ್ಲಿ ಪುಂಡಲೀಕ, ಅವನ ಕೈಕೆಳಗೆ ಹನ್ನೆರಡು ವರ್ಷದಿಂದ ಕೆಲಸ ಮಾಡುತ್ತಿದ್ದ ಸಾಯಿನಾಥ. ಮೂರನೆಯವರು ಇರಲಿಲ್ಲ.

ಪುಂಡಲೀಕನ ಹೆಸರು ನಿಂತಿದ್ದು ಅವನ ಬಲಗೈಯ ಹೆಬ್ಬೆರಳಿನ ಮೇಲೆ. ನಟ್ಟು ಬಿಗಿ ಮಾಡಿ ಪಾನಾ ಕೆಳಗಿಟ್ಟ ಮೇಲೆ ಅವನು ಅದರ ಅಂಚಿಗೆ ಹೆಬ್ಬೆರಳು ಒತ್ತಿ ಒಂದು ಗಳಿಗೆ ಸುಮ್ಮನಿರುತ್ತಿದ್ದ. ಆಮೇಲೆ ಒಮ್ಮೊಮ್ಮೆ ಕಾಲು ಸುತ್ತು ಸಡಿಲಿಸುತ್ತಿದ್ದ, ಒಮ್ಮೊಮ್ಮೆ ಇನ್ನಷ್ಟು ಬಿಗಿಯುತ್ತಿದ್ದ. ಬಿಗಿ ಮಾಡುವುದು ಪಾನಾದ ಕೆಲಸ, ಬಿಗಿಯಾಯಿತೋ ಇಲ್ಲವೋ ಹೇಳುವುದು ಬೆರಳಿನ ಕೆಲಸ ಎಂದು ಸಾಯಿನಾಥನಿಗೆ ಕಲಿಸಿದ್ದ. ಇದರಲ್ಲಿ ಪವಾಡವೇನೂ ಇಲ್ಲ. ಒಂದೇ ಕೆಲಸವನ್ನು ಸಾವಿರಾರು ಸಲ ಮಾಡಿದ ಬೆರಳಿಗೆ ಅಷ್ಟು ಬರುತ್ತದೆ.

2007ರ ಜನವರಿಯ ಒಂದು ಬೆಳಿಗ್ಗೆ ಕೆಲಸದ ನಡುವೆ ಅವನ ಕೈಯಿಂದ ಪಾನಾ ಬಿತ್ತು. ಎತ್ತಿಕೊಂಡ, ಮತ್ತೆ ಬಿತ್ತು. ಪಾನಾಕ್ಕೆ ಗ್ರೀಸು ಹತ್ತಿದೆ ಎಂದು ಸಾಯಿನಾಥನನ್ನು ಬೈದ. ಪೆಟ್ರೋಲಿನಲ್ಲಿ ಎರಡು ಸಲ ತೊಳೆಸಿದ. ಮೂರನೆಯ ಸಲವೂ ಅದು ಬಿದ್ದಾಗ ಬೈಯಲು ಬಾಯಿ ತೆರೆದ, ಮಾತು ಬರಲಿಲ್ಲ. ಬಾಯಿಯ ಬಲತುದಿ ಕೆಳಗೆ ಜೋತಿತ್ತು. ಸಾಯಿನಾಥ ಅವನನ್ನು ಗಿರಾಕಿಯೊಬ್ಬರ ಕಾರಿನಲ್ಲಿ ಹಾಕಿಕೊಂಡು ಕಾರವಾರಕ್ಕೆ ತಂದ.

ಲಕ್ವಾ ದೊಡ್ಡದಲ್ಲ ಎಂದು ವೈದ್ಯರು ಹೇಳಿದರು. ಮಾತು ಎರಡು ವಾರದಲ್ಲಿ ಮರಳಿತು. ಕಾಲು ಒಂದು ತಿಂಗಳಲ್ಲಿ ನಡೆಯುವಷ್ಟಾಯಿತು. ಕೈ ಎತ್ತಲು, ಮಡಚಲು ಬರುತ್ತಿತ್ತು. ಬಾರದೆ ಉಳಿದದ್ದು ಬಲಗೈಯ ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳುಗಳ ಸ್ಪರ್ಶ. ಬಿಸಿ ಲೋಟ ಹಿಡಿದರೆ ಸುಟ್ಟದ್ದು ತಿಳಿಯುತ್ತಿರಲಿಲ್ಲ.

ಅವನನ್ನು ನಾನು ಕಂಡದ್ದು ಈ ಹಂತದಲ್ಲಿ. ಕಾರವಾರದ ಹಬ್ಬುವಾಡದಲ್ಲಿ ನಮ್ಮ ಪಕ್ಕದ ಮನೆ ಅವನ ಮಗಳು ರೂಪಾಲಿಯದು. ಅಳಿಯ ಗುರುಪ್ರಸಾದ ಸರಕಾರಿ ಕಚೇರಿಯಲ್ಲಿ ಗುಮಾಸ್ತ, ಸಭ್ಯ ಮನುಷ್ಯ. ಕೈಯ ವ್ಯಾಯಾಮಕ್ಕೆ ವಾರಕ್ಕೆ ನಾಲ್ಕು ದಿನ ಆಸ್ಪತ್ರೆಗೆ ಹೋಗಬೇಕಾಗಿದ್ದರಿಂದ ಪುಂಡಲೀಕನೂ ಅವನ ಹೆಂಡತಿ ಜಯಂತಿಯೂ ಅಲ್ಲಿಯೇ ಉಳಿದರು. ಮಗಳನ್ನು ಕೊಟ್ಟ ಮನೆಯಲ್ಲಿ ತಂದೆ ಎರಡು ಹೊತ್ತು ಉಂಡರೆ ಮೂರನೆಯ ಹೊತ್ತಿಗೆ ಎದ್ದು ಹೊರಡಬೇಕು ಎಂಬ ಪದ್ಧತಿಯಲ್ಲಿ ಬೆಳೆದವನು ಅವನು. ತಟ್ಟೆಯ ಮುಂದೆ ಕುಳಿತಾಗಲೆಲ್ಲ ಅವನ ಮುಖ ನೋಡುವಂತಿರಲಿಲ್ಲ. ಗಣೇಶ ಚವತಿಯೊಳಗೆ ಗ್ಯಾರೇಜಿಗೆ ಮರಳುತ್ತೇನೆ, ಇದೇ ಕೈಯಲ್ಲಿ ಕೆಲಸ ಮಾಡುತ್ತೇನೆ ಎಂದು ಮಗಳಿಗೆ, ಅಳಿಯನಿಗೆ, ನೋಡಲು ಬಂದ ಸಾಯಿನಾಥನಿಗೆ, ಕೊನೆಗೆ ಹಾಲು ತರುವವಳಿಗೂ ಹೇಳಿದ. ಹೇಳಿದ ಮೇಲೆ ಅದು ಆಗಲೇಬೇಕಾದ ಮಾತಾಯಿತು. ಅವನಿಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ. ಬೇರೆ ಯಾವ ವಿಷಯವೂ ಅವನಿಗೆ ಮುಖ್ಯವಾಗಿರಲಿಲ್ಲ.

ವ್ಯಾಯಾಮ ಮಾಡಿಸುವ ಹುಡುಗಿ ಸುಳ್ಳು ಹೇಳಲಿಲ್ಲ. ಶಕ್ತಿ ಬರುತ್ತದೆ, ಸ್ಪರ್ಶ ಬರುತ್ತದೆಂಬ ಖಾತರಿ ಇಲ್ಲ ಎಂದು ಅವನ ಎದುರಿಗೇ ಹೇಳಿದಳು. ಬೆರಳಿಗೆ ಸಣ್ಣ ಕೆಲಸ ಕೊಡಿ, ಅಕ್ಕಿಯಲ್ಲಿ ಹುರುಳಿ ಬೆರೆಸಿ ಬೇರೆ ಮಾಡಿ ಎಂದಳು. ರೂಪಾಲಿ ಮೊರದಲ್ಲಿ ಎರಡನ್ನೂ ಬೆರೆಸಿ ಮುಂದಿಟ್ಟಳು. ಅವನು ಮೊರವನ್ನು ಪಕ್ಕಕ್ಕೆ ಸರಿಸಿದ.

“ಹುರುಳಿ ಆರಿಸ್ತಾ ಕೂರೂಕೆ ನಾ ಎಂತ ಬಾಣಂತಿಯಾ?”

ಮಾರ್ಚಿನಲ್ಲಿ ಅವನ ತಂಗಿಯ ಮಗ ನಿತೇಶ ಊರಿಗೆ ಬಂದ. ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಅವನಿಗೆ ಕೆಲಸ. ಮಾವನಿಗೆಂದು ಜಪಾನಿನ ಬಂದರಿನ ಅಂಗಡಿಯಿಂದ ಒಂದು ಪೆಟ್ಟಿಗೆ ತಂದಿದ್ದ. ಪೆಟ್ಟಿಗೆಯ ಮೇಲೆ ಕೆಂಪು ಮೋಟಾರ್ ಸೈಕಲ್ಲಿನ ಚಿತ್ರ. ಒಳಗೆ ಅದೇ ಬೈಕು, ನಿಜವಾದದ್ದರ ಹನ್ನೆರಡರಲ್ಲಿ ಒಂದು ಪಾಲು ಅಳತೆಯಲ್ಲಿ, ಎಪ್ಪತ್ತೊಂದು ತುಂಡುಗಳಾಗಿ. ತುಂಡುಗಳೆಲ್ಲ ಕಿಟಕಿಯ ಸರಳಿನಂಥ ಪ್ಲಾಸ್ಟಿಕ್ ಚೌಕಟ್ಟುಗಳಿಗೆ ಅಂಟಿಕೊಂಡಿದ್ದವು. ಪ್ರತಿಯೊಂದಕ್ಕೂ ನಂಬರು. ಚೌಕಟ್ಟಿನಿಂದ ಕತ್ತರಿಸಿ ಒಂದರ ಮೊಳೆಯನ್ನು ಇನ್ನೊಂದರ ತೂತಿಗೆ ಒತ್ತಿದರೆ ಕೂತುಕೊಳ್ಳುತ್ತದೆ. ಅಂಟು ಬೇಡ, ಸ್ಕ್ರೂ ಬೇಡ.

“ಮಾವ, ಇದಕ್ಕೆ ಪೆಟ್ರೋಲೂ ಬೇಡ, ಪಾನಾನೂ ಬೇಡ,” ಎಂದ ನಿತೇಶ.

“ನಟ್ಟಿಲ್ಲದ್ದು ಎಂತಾ ಬೈಕೋ? ಒಂದ್ರ ಮೇಲೊಂದು ಕೂಡ್ಸೂಕೆ ಇದೆಂತಾ ಇಡ್ಲಿ ಅಟ್ಟವಾ?”

ಹಾಗೆಂದವನು ಮರುದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ಜಗುಲಿಯಲ್ಲಿ ಕುಳಿತಿದ್ದ. ಸೂಚನೆಯ ಹಾಳೆ ಇಂಗ್ಲಿಷಿನಲ್ಲಿತ್ತು. ಓದಿ ಹೇಳಲು ರೂಪಾಲಿ ನನ್ನನ್ನು ಕರೆದಳು. ಮೂರು ವಾಕ್ಯ ಓದುವಷ್ಟರಲ್ಲಿ ಅವನು ಕೈಯೆತ್ತಿ ನಿಲ್ಲಿಸಿದ. ಬೈಕನ್ನು ಹೇಗೆ ಕಟ್ಟಬೇಕೆಂದು ತನಗೆ ಹೇಳಿಕೊಡುವುದು ಬೇಡ, ಯಾವ ನಂಬರು ಎಲ್ಲಿದೆ ಎಂಬುದಷ್ಟೇ ಸಾಕು ಎಂದ. ಹಳೆಯ ಸುದ್ದಿಪತ್ರಿಕೆ ಹಾಸಿ ತುಂಡುಗಳನ್ನು ಸಾಲಾಗಿ ಇಡಿಸಿದ. ಎಂಜಿನ್ನಿನವು ಒಂದು ಕಡೆ, ಹಿಂಚಕ್ರದವು ಒಂದು ಕಡೆ. ಗ್ಯಾರೇಜಿನಲ್ಲಿ ಅವನು ಇಡುತ್ತಿದ್ದದ್ದು ಹಾಗೆ.

ತನಗೆ ತಾನೇ ಒಂದು ನಿಯಮ ಹಾಕಿಕೊಂಡ. ಎಡಗೈ ಹಿಡಿದುಕೊಳ್ಳಬಹುದು, ಒತ್ತುವಂತಿಲ್ಲ. ಒತ್ತುವುದು ಬಲಗೈ ಹೆಬ್ಬೆರಳೇ. ಕೂರದ ತುಂಡನ್ನು ಮರುದಿನಕ್ಕೆ ಬಿಡಬೇಕು. ಎಪ್ಪತ್ತೊಂದೂ ಹೀಗೆ ಕೂತರೆ ಕೈ ಬಂತೆಂದು ಲೆಕ್ಕ, ಕೂರದಿದ್ದರೆ ಇಲ್ಲ. ಆಸ್ಪತ್ರೆಯ ಹುಡುಗಿಯ ಮಾತಿಗಿಂತ ಈ ಪರೀಕ್ಷೆಯನ್ನು ಅವನು ನಂಬಿದ. ಅದು ಮೂರ್ಖತನವಾಗಿರಲಿಲ್ಲ. ಪರೀಕ್ಷೆ ಸರಿಯಾಗಿಯೇ ಇತ್ತು. ಮೂವತ್ತಮೂರು ವರ್ಷ ಭೌತಶಾಸ್ತ್ರ ಕಲಿಸಿದ ನಾನೂ ಅದಕ್ಕಿಂತ ಒಳ್ಳೆಯದನ್ನು ಹೇಳಿಕೊಡುತ್ತಿರಲಿಲ್ಲ. ಇಂಥ ತುಂಡು ಅರ್ಧ ಕೂರುವುದಿಲ್ಲ. ಸರಿಯಾದ ಜಾಗದಲ್ಲಿ ಸರಿಯಾದಷ್ಟು ಒತ್ತಿದರೆ ಟಕ್ಕೆಂದು ಕೂರುತ್ತದೆ, ಇಲ್ಲವಾದರೆ ಕೂದಲೆಳೆಯಷ್ಟು ಸಂದು ಉಳಿಯುತ್ತದೆ. ಓರೆಯಾಗಿ ಒತ್ತಿದರೆ ಮೊಳೆ ಬಾಗುತ್ತದೆ. ಎಲ್ಲಿ ಒತ್ತುತ್ತಿದ್ದೇನೆಂದು ತಿಳಿಯದ ಬೆರಳಿಗೆ ಅದು ಆಗುವ ಕೆಲಸವಲ್ಲ.

ಮೊದಲ ಒಂಬತ್ತು ದಿನದಲ್ಲಿ ನಾಲ್ಕು ತುಂಡು ಕೂತವು. ನಾಲ್ಕೂ ದೊಡ್ಡವು: ಎಂಜಿನ್ನಿನ ಎರಡು ಹೋಳು, ಪೆಟ್ರೋಲ್ ಟಾಕಿಯ ಎರಡು ಹೋಳು. ಐದನೆಯದು, ಉಗುರಿನಷ್ಟು ಸಣ್ಣ ಕಾರ್ಬುರೇಟರು, ಆರು ದಿನ ಕೂರಲಿಲ್ಲ. ಒತ್ತುತ್ತಿದ್ದ, ಜಾರುತ್ತಿತ್ತು, ನೆಲಕ್ಕೆ ಬೀಳುತ್ತಿತ್ತು, ಜಯಂತಿ ಹುಡುಕಿ ಎತ್ತಿ ಕೊಡುತ್ತಿದ್ದಳು. ಅವನು ಬೈಯುವುದನ್ನೂ ಬಿಟ್ಟಿದ್ದ. ಆರನೆಯ ದಿನ ಪತ್ರಿಕೆಯನ್ನು ತುಂಡುಗಳ ಸಮೇತ ಮಡಚಿ ಪೆಟ್ಟಿಗೆಗೆ ತುಂಬಿದ. ಇಡೀ ದಿನ ಗೋಡೆಗೆ ಮುಖ ಮಾಡಿ ಮಲಗಿದ. ಊಟಕ್ಕೆ ಏಳಲಿಲ್ಲ.

ಮರುದಿನ ಜಯಂತಿ ಪೆಟ್ಟಿಗೆಯನ್ನು ತಾನೇ ಮುಂದಿಟ್ಟು, ಇವತ್ತೊಂದು ಸಲ ನೋಡಿ ಎಂದಳು. ಕಾರ್ಬುರೇಟರು ಕೂತಿತು. ಅವನಿಗೆ ನಂಬಿಕೆಯಾಗಲಿಲ್ಲ. ಬೆಳಕಿಗೆ ಹಿಡಿದು ಸಂದು ಇದೆಯೇ ಎಂದು ನೋಡಿದ. ಇರಲಿಲ್ಲ. ಆ ದಿನ ಇನ್ನೂ ಒಂದು ಕೂತಿತು. ಅಲ್ಲಿಂದ ವಾರಕ್ಕೆ ಮೂರು, ಕೆಲವು ವಾರ ನಾಲ್ಕು. ಏಪ್ರಿಲ್ ಮುಗಿಯುವ ಹೊತ್ತಿಗೆ ಅವನು ಬೆನ್ನು ನೆಟ್ಟಗೆ ಮಾಡಿ ನಡೆಯುತ್ತಿದ್ದ. ಕಂಪೌಂಡಿನ ಆಚೆಯಿಂದ ನನ್ನನ್ನು ಕರೆದು, “ಅಕ್ಕೋರೆ, ಇವತ್ತು ಚೈನ್ ಕವರ್ ಕೂತ್ತು,” ಎಂದು ವರದಿ ಒಪ್ಪಿಸುತ್ತಿದ್ದ. ಗುರುಪ್ರಸಾದನಿಗೆ ಅವನ ಸ್ಕೂಟರಿನ ಸದ್ದು ಸರಿಯಿಲ್ಲವೆಂದು ಉಪದೇಶ ಮಾಡತೊಡಗಿದ. ಮನೆಯವರಿಗೆಲ್ಲ ಸಮಾಧಾನವಾಯಿತು.

ಮೇ ತಿಂಗಳ ಮೊದಲ ವಾರ ಒಂದು ಮಧ್ಯಾಹ್ನ ಮಾವಿನಕಾಯಿ ಕೊಡಲೆಂದು ನಾನು ಅವರ ಹಿತ್ತಿಲ ಬಾಗಿಲಿಗೆ ಹೋದೆ. ಪುಂಡಲೀಕ ಆಸ್ಪತ್ರೆಗೆ ಹೋಗಿದ್ದ. ಜಯಂತಿ ಒಳಕೋಣೆಯಲ್ಲಿ ಮೊಣಕಾಲ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕುಳಿತಿದ್ದಳು. ಒಂದು ಸಣ್ಣ ತುಂಡನ್ನು ಬೈಕಿನ ಒಡಲಿಗೆ ಒತ್ತಿ ಕೂರಿಸಿದಳು. ಆಮೇಲೆ ಅದನ್ನು ಮೆಲ್ಲಗೆ ಬಿಚ್ಚಿ ತೆಗೆದಳು. ಮತ್ತೆ ಒತ್ತಿದಳು, ಮತ್ತೆ ತೆಗೆದಳು. ಮೊಳೆಯನ್ನು ಉಗುರು ಕತ್ತರಿಯ ಅರದಿಂದ ಒಂದೆರಡು ಸಲ ಉಜ್ಜಿ ಪತ್ರಿಕೆಯ ಮೇಲೆ ಅದರ ಜಾಗದಲ್ಲಿಟ್ಟಳು. ನನ್ನನ್ನು ಕಂಡು ಬೆಚ್ಚಲಿಲ್ಲ. ಕದ್ದವರ ಹಾಗೆ ಕಾಣುತ್ತಿರಲಿಲ್ಲ.

ಏನು ಮಾಡುತ್ತಿದ್ದೀ ಎಂದು ಕೇಳಿದೆ.

“ಹಾದಿ ಮಾಡಿಡೂದು, ಅಕ್ಕೋರೆ,” ಎಂದಳು.

ಅವಳು ಮದುವೆಗೆ ಮೊದಲೂ ಆಮೇಲೆ ಹದಿನೆಂಟು ವರ್ಷವೂ ಅಂಕೋಲೆಯ ಒಂದು ಗೇರುಬೀಜದ ಶೆಡ್ಡಿನಲ್ಲಿ ಸಿಪ್ಪೆ ಸುಲಿದವಳು. ಚಿಪ್ಪು ಒಡೆದು ಒಣಗಿಸಿದ ಬೀಜದ ಮೇಲೆ ಕಂದು ಪೊರೆ ಇರುತ್ತದೆ. ಬೀಜ ಹೋಳಾಗದ ಹಾಗೆ ಅದನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆಯಬೇಕು. ವಯಸ್ಸಾದವರ ಬೆರಳು ಸೋಲುತ್ತದೆ. ಸೋತವಳು ಶೆಡ್ಡು ಬಿಡಬೇಕಾಗುತ್ತದೆ. ಆಗ ಪಕ್ಕ ಕುಳಿತ ಹೆಂಗಸರು ಒಂದು ಕೆಲಸ ಮಾಡುತ್ತಾರಂತೆ. ಬೀಜದ ತುದಿಯಲ್ಲಿ ಪೊರೆಯನ್ನು ಉಗುರಿನಿಂದ ಬಿಡಿಸಿ, ಉಳಿದದ್ದನ್ನು ಹಾಗೇ ಬಿಟ್ಟು, ಮುದುಕಿಯ ಮೊರಕ್ಕೆ ಜಾರಿಸುತ್ತಾರೆ. ಆಕೆ ಬೆರಳು ಮುಟ್ಟಿಸಿದರೆ ಸಾಕು, ಪೊರೆ ಕಳಚುತ್ತದೆ. ಪೂರ್ತಿ ಸುಲಿದು ಕೊಡುವುದಿಲ್ಲ. ಕೊಟ್ಟರೆ ಅದು ಭಿಕ್ಷೆ, ಮುದುಕಿಗೆ ಗೊತ್ತಾಗುತ್ತದೆ. ಹಾದಿ ಮಾಡಿಟ್ಟರೆ ಸುಲಿದದ್ದು ಆಕೆಯೇ. ಜಯಂತಿಯ ಪಕ್ಕದ ಸುಗಂಧಾ ಎಂಬ ಮುದುಕಿ ಹೀಗೆ ನಾಲ್ಕು ವರ್ಷ ದುಡಿದು, ತನ್ನ ಕೈ ಇನ್ನೂ ಗಟ್ಟಿ ಇದೆಯೆಂದು ಹೇಳಿಕೊಳ್ಳುತ್ತಲೇ ಸತ್ತಳು. ಯಾರೂ ಬಾಯಿಬಿಡಲಿಲ್ಲ. ಬಾಯಿಬಿಡುವುದು ಆ ಶೆಡ್ಡಿನಲ್ಲಿ ದೊಡ್ಡ ತಪ್ಪು.

ನಾನು ಕೇಳಿ ಎದ್ದು ಬಂದೆ. ಗೇರುಬೀಜ ಹೋಳಾದರೆ ಯಾರೂ ಸಾಯುವುದಿಲ್ಲ, ಬೈಕು ಹಾಗಲ್ಲ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಗಂಡಹೆಂಡತಿಯ ನಡುವಿನ ವಿಷಯ ಎಂದುಕೊಂಡೆ. ಆಟಿಕೆಯ ಬೈಕು ಎಂದೂ ಅಂದುಕೊಂಡೆ. ಎರಡೂ ತಪ್ಪು.

ಎಪ್ಪತ್ತೊಂದನೆಯ ತುಂಡು, ಹಿಂದಿನ ನಂಬರ್ ಪ್ಲೇಟು, ಆಗಸ್ಟಿನ ಕೊನೆಯಲ್ಲಿ ಕೂತಿತು. ಮಳೆ ಬಿಟ್ಟಿರಲಿಲ್ಲ. ಪುಂಡಲೀಕ ಬೈಕನ್ನು ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದು ವ್ಯಾಯಾಮದ ಹುಡುಗಿಗೆ ತೋರಿಸಿದ. ಅವಳು ಮೆಚ್ಚಿದಳು. ಆದರೂ ಕಣ್ಣು ಮುಚ್ಚಿಸಿ ಅವನ ಹೆಬ್ಬೆರಳಿಗೆ ಒಮ್ಮೆ ಸೂಜಿಯ ಮೊನೆ, ಒಮ್ಮೆ ಹತ್ತಿ ಮುಟ್ಟಿಸಿ ಯಾವುದು ಯಾವುದೆಂದು ಕೇಳಿದಳು. ಹತ್ತರಲ್ಲಿ ಐದು ತಪ್ಪಿದ. ಇನ್ನೂ ಆರು ತಿಂಗಳು ಯಂತ್ರದ ಕೆಲಸ ಬೇಡವೆಂದು ಹೇಳಿದಳು. ಮನೆಗೆ ಬಂದು ಅವನು ಇದನ್ನು ನಗುತ್ತಲೇ ಹೇಳಿದ. ಸೂಜಿ ಚುಚ್ಚುವುದು ತನ್ನ ಕಸುಬಲ್ಲ, ಜೋಡಿಸುವುದು ಕಸುಬು; ಜೋಡಿಸಿ ತೋರಿಸಿದ್ದೇನಲ್ಲ ಎಂದ. ಜಯಂತಿ ಆ ಹೊತ್ತಿಗೆ ಹೇಳಬಹುದಾಗಿತ್ತು. ಅವಳು ಅಂಕೋಲೆಗೆ ಹೊರಡಲು ಬಟ್ಟೆ ಮಡಚುತ್ತಿದ್ದಳು.

ಚವತಿಗೆ ನಾಲ್ಕು ದಿನ ಮುಂಚೆ ಅವನು ಗ್ಯಾರೇಜಿನ ಬಾಗಿಲು ತೆರೆದ. ಪುಟ್ಟ ಬೈಕನ್ನು ದೇವರ ಪಟದ ಕೆಳಗಿನ ಹಲಗೆಯ ಮೇಲಿಟ್ಟ. ಬಂದವರಿಗೆಲ್ಲ ಅದನ್ನು ತೋರಿಸಿ, ಪೂರ್ತಿ ಬಲಗೈಯಲ್ಲೇ ಮಾಡಿದ್ದೆಂದು ಹೇಳಿದ. ಮೊದಮೊದಲು ಸಾಯಿನಾಥ ಅವನು ಮುಗಿಸಿದ ಪ್ರತಿ ಕೆಲಸವನ್ನೂ ಗಿರಾಕಿ ಬರುವ ಮುಂಚೆ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದ. ಎರಡು ಕಡೆ ನಟ್ಟು ಬಿಗಿ ಮಾಡಿದ್ದ. ಹದಿನೈದು ದಿನದ ಮೇಲೆ ಪುಂಡಲೀಕನ ಕಣ್ಣಿಗೆ ಅದು ಬಿತ್ತು. ಅವನು ಕೂಗಾಡಲಿಲ್ಲ. ಹಲಗೆಯ ಮೇಲಿನ ಬೈಕನ್ನು ತೆಗೆದು ಸಾಯಿನಾಥನ ಕೈಯಲ್ಲಿಟ್ಟ.

“ಇದ್ರಲ್ಲಿ ಒಂದು ತುಂಡು ಅಲ್ಲಾಡಿದ್ರೆ ನಂಗೆ ಹೇಳು.”

ಸಾಯಿನಾಥ ಅಲ್ಲಾಡಿಸಿ ನೋಡಿದ. ಯಾವುದೂ ಅಲ್ಲಾಡಲಿಲ್ಲ. ಅವತ್ತಿನಿಂದ ಅವನು ಮುಟ್ಟಿ ನೋಡುವುದನ್ನು ಬಿಟ್ಟ. ಹನ್ನೆರಡು ವರ್ಷ ಕಲಿಸಿದವನ ಕೈಯನ್ನು ಅನುಮಾನಿಸಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತಂತೆ.

ನವೆಂಬರಿನಲ್ಲಿ, ದೀಪಾವಳಿ ಕಳೆದ ಮೇಲೆ, ಹಾರವಾಡದ ಜಟ್ಟ ತನ್ನ ಬೈಕು ತಂದ. ಜಟ್ಟ ಕೂಲಿಯವನು; ಬಲೆ ಎಳೆಯುವ ಕೆಲಸವಿದ್ದರೆ ಅಲ್ಲಿಗೆ, ಇಲ್ಲದಿದ್ದರೆ ಗದ್ದೆಗೆ. ಆ ವರ್ಷವಷ್ಟೇ ಯಾರೋ ಮಾರಿದ ಹಳೆಯ ಬೈಕು ತೆಗೆದುಕೊಂಡಿದ್ದ. ಹಿಂದಿನ ಬ್ರೇಕು ಹಿಡಿಯುತ್ತಿರಲಿಲ್ಲ. ಪುಂಡಲೀಕ ತಾನೇ ಕುಳಿತು ಚಕ್ರ ಬಿಚ್ಚಿ ಬ್ರೇಕಿನ ಒಳಗಿನ ಸವೆದ ಪಟ್ಟಿಗಳನ್ನು ಬದಲಿಸಿ ಮರಳಿ ಜೋಡಿಸಿದ.

ಇಲ್ಲಿ ಒಂದು ವಿವರ ಬೇಕು. ಹಿಂಚಕ್ರದ ಬ್ರೇಕಿನ ತಟ್ಟೆ ಚಕ್ರದ ಜೊತೆ ತಿರುಗದ ಹಾಗೆ ಅದನ್ನು ಒಂದು ಕಬ್ಬಿಣದ ತೋಳು ಬೈಕಿನ ಒಡಲಿಗೆ ಹಿಡಿದುಕೊಂಡಿರುತ್ತದೆ. ಆ ತೋಳಿಗೆ ಒಂದು ಬೋಲ್ಟು, ಬೋಲ್ಟಿಗೆ ನಟ್ಟು, ನಟ್ಟು ಕಳಚದ ಹಾಗೆ ಬೋಲ್ಟಿನ ತುದಿಯ ತೂತಿನಲ್ಲಿ ತಂತಿಯಂಥ ಎರಡು ಕಾಲಿನ ಒಂದು ಪಿನ್ನು. ಪಿನ್ನನ್ನು ತೂರಿಸಿ ಕಾಲುಗಳನ್ನು ಎರಡು ಕಡೆಗೆ ಮಡಚಬೇಕು. ಜಾಗ ಇಕ್ಕಟ್ಟು, ಕಣ್ಣಿಗೆ ಕಾಣುವುದಿಲ್ಲ, ಬೆರಳೇ ನೋಡಬೇಕು. ಮಡಚದ ಪಿನ್ನು ಕುಲುಕಾಟಕ್ಕೆ ಬಿದ್ದುಹೋಗುತ್ತದೆ. ಆಮೇಲೆ ನಟ್ಟು ಬಿಚ್ಚಿಕೊಳ್ಳುತ್ತದೆ, ಆಮೇಲೆ ಬೋಲ್ಟು. ತೋಳು ಕಳಚಿದ ಬೈಕಿನಲ್ಲಿ ಬ್ರೇಕು ಒತ್ತಿದರೆ ಬ್ರೇಕಿನ ತಟ್ಟೆಯೇ ಚಕ್ರದೊಡನೆ ತಿರುಗಿ ಸಿಕ್ಕಿಕೊಂಡು, ಚಕ್ರ ಕಲ್ಲಿನ ಹಾಗೆ ನಿಂತುಬಿಡುತ್ತದೆ.

ನಾಲ್ಕನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಜಟ್ಟ ಹೆಂಡತಿ ಮಾಸ್ತಮ್ಮನನ್ನು ಹಿಂದೆ ಕೂರಿಸಿಕೊಂಡು ಅಂಕೋಲೆಯ ಪೇಟೆಗೆ ಹೊರಟಿದ್ದ. ಹೆದ್ದಾರಿಯಲ್ಲಿ ಒಂದು ದನ ಅಡ್ಡ ಬಂತು. ಬ್ರೇಕು ಒತ್ತಿದ. ಬೈಕು ಅಡ್ಡಲಾಗಿ ಬಿತ್ತು. ಜಟ್ಟ ಎಡಕ್ಕೆ ಬಿದ್ದು ಕಾಲು ಮುರಿದುಕೊಂಡ, ಮಾಸ್ತಮ್ಮ ಬಲಕ್ಕೆ ಬಿದ್ದಳು. ಬೇಲೇಕೇರಿ ಬಂದರಿನಲ್ಲಿ ಅದಿರು ಸುರಿದು ಖಾಲಿಯಾಗಿ ಮರಳುತ್ತಿದ್ದ ಲಾರಿ ಹಿಂದೆಯೇ ಇತ್ತು. ಅವಳನ್ನು ಆಸ್ಪತ್ರೆಗೆ ಒಯ್ಯುವ ಪ್ರಶ್ನೆಯೇ ಬರಲಿಲ್ಲ.

ಜನ ಲಾರಿಯ ಗಾಜು ಒಡೆದರು, ಚಾಲಕನನ್ನು ಹೊಡೆದು ಪೊಲೀಸರಿಗೆ ಕೊಟ್ಟರು. ಅದಿರಿನ ಲಾರಿಗಳು ಆ ವರ್ಷ ಎಷ್ಟು ಜನರನ್ನು ಕೊಂದಿದ್ದವೆಂದರೆ ಇನ್ನೊಂದು ಕಾರಣ ಹುಡುಕುವ ಗೊಡವೆಗೆ ಯಾರೂ ಹೋಗಲಿಲ್ಲ. ಪುಂಡಲೀಕನೊಬ್ಬನೇ ಹೋದ. ಮೂರನೆಯ ದಿನ ಸಾಯಿನಾಥನನ್ನು ಕರೆದುಕೊಂಡು ಠಾಣೆಯ ಹಿಂದೆ ಬಿದ್ದಿದ್ದ ಬೈಕಿನ ಹತ್ತಿರ ಕುಕ್ಕರಗಾಲಲ್ಲಿ ಕುಳಿತ. ತೋಳು ಜೋತಾಡುತ್ತಿತ್ತು. ಬೋಲ್ಟು ಇರಲಿಲ್ಲ. ಬಿದ್ದ ಹೊಡೆತಕ್ಕೆ ಹೋಗಿರಬೇಕು ಎಂದು ಸಾಯಿನಾಥ ಹೇಳಿದ. ಹೊಡೆತಕ್ಕೆ ಹೋದದ್ದಾದರೆ ತೂತು ಹರಿದಿರಬೇಕಿತ್ತು ಎಂದು ಪುಂಡಲೀಕ ಹೇಳಿದ. ತೂತು ಹರಿದಿರಲಿಲ್ಲ, ಗುಂಡಗೆ ಇತ್ತು.

ಮುಂದಿನದು ನನಗೆ ಜಯಂತಿ ಹೇಳಿದ್ದು. ಮನೆಗೆ ಬಂದವನು ಅಂಗಿಯ ಜೇಬಿನಿಂದ ಒಂದು ಬೋಲ್ಟು ಮತ್ತು ಒಂದು ಹಿಡಿ ಹೊಸ ಪಿನ್ನು ತೆಗೆದು ನೆಲದ ಮೇಲಿಟ್ಟ. ಅವಳನ್ನು ಎದುರಿಗೆ ಕೂರಿಸಿಕೊಂಡ. ಕಣ್ಣು ಮುಚ್ಚಿ ಬೋಲ್ಟಿನ ತೂತಿಗೆ ಪಿನ್ನು ತೂರಿಸಿ ಬಲಗೈಯಿಂದ ಮಡಚಿದ. ಮಡಚಿತೇ ಎಂದು ಕೇಳಿದ. ಇಲ್ಲ ಎಂದಳು. ಇನ್ನೊಂದು ತೆಗೆದುಕೊಂಡ. ಹನ್ನೊಂದು ಪಿನ್ನುಗಳಲ್ಲಿ ಮೂರು ಮಡಚಿದ್ದವು. ಅವನಿಗೆ ಹನ್ನೊಂದೂ ಮಡಚಿದಂತೆಯೇ ಅನಿಸಿತ್ತು.

ಕಣ್ಣು ತೆರೆದು ಮಡಚದ ಎಂಟನ್ನು ಬೇರೆ ಮಾಡಿ ಇಟ್ಟ. ಆಮೇಲೆ ಆ ಎಪ್ಪತ್ತೊಂದು ಹೇಗೆ ಕೂತವು ಎಂದು ಕೇಳಿದ.

“ಕೂಡ್ಸದ್ದು ನೀವೇಯ. ನಾ ಒಂದೂ ಕೂಡ್ಸಲಿಲ್ಲ. ಹಾದಿ ಮಾಡಿಟ್ಟೆ, ಅಷ್ಟೇಯ.”

“ಎಷ್ಟಕ್ಕೆ?”

“ಮೊದಲಿನ ನಾಕು ಬಿಟ್ಟು.”

ಅವನು ಕೈ ಎತ್ತಲಿಲ್ಲ, ಬೈಯಲಿಲ್ಲ. ಯಾರಿಗೆಲ್ಲ ಗೊತ್ತು ಎಂದಷ್ಟೇ ಕೇಳಿದ. ಅಕ್ಕೋರು ಒಂದಿನ ನೋಡಿದ್ದಾರೆ ಎಂದು ಜಯಂತಿ ಹೇಳಿದಳು.

ಮರುದಿನ ಅವನು ಠಾಣೆಗೆ ಹೋಗಿ ತಪ್ಪು ತನ್ನದೆಂದು ಬರೆದುಕೊಳ್ಳಲು ಹೇಳಿದ. ಅಲ್ಲಿದ್ದವರು ಅವನನ್ನು ಬಲ್ಲವರು, ಅವನಲ್ಲಿ ಬೈಕು ಬಿಟ್ಟವರು. ವರದಿ ಹೋಗಿ ಆಗಿದೆ, ಬ್ರೇಕು ಅಪಘಾತದಲ್ಲಿ ಮುರಿದದ್ದೆಂದು ಬರೆದಿದೆ, ಲಕ್ವಾ ಹೊಡೆದವರು ತಲೆಗೆ ಇಷ್ಟು ಹಚ್ಚಿಕೊಳ್ಳಬಾರದು ಎಂದು ಚಹಾ ಕುಡಿಸಿ ಕಳಿಸಿದರು. ಲಾರಿಯ ಚಾಲಕ ಇಪ್ಪತ್ತಮೂರರ ಹುಡುಗ, ಘಟ್ಟದ ಮೇಲಿನವನು, ಒಳಗೆ ಕುಳಿತಿದ್ದ.

ಹಾಗಾಗಿ ಉಳಿದದ್ದು ಜಟ್ಟ. ಮಾಸ್ತಮ್ಮನ ದಿನಗಳು ಮುಗಿದ ಮೇಲೆ ಪುಂಡಲೀಕ ಹಾರವಾಡಕ್ಕೆ ಹೊರಟ. ರೂಪಾಲಿಗೆ ತಂದೆಯ ಸ್ಥಿತಿ ನೋಡಿ ಹೆದರಿಕೆಯಾಗಿ ನನ್ನನ್ನು ಜೊತೆಗೆ ಹೋಗಲು ಕೇಳಿಕೊಂಡಳು. ಬಾಡಿಗೆ ಕಾರಿನಲ್ಲಿ ಮುಂದೆ ಅವನು, ಹಿಂದೆ ಜಯಂತಿ ಮತ್ತು ನಾನು.

ಜಟ್ಟನ ಮನೆ ಸಮುದ್ರದ ಬದಿಗೆ, ತೆಂಗಿನ ಮಡಲು ಹೊದಿಸಿದ ಚಪ್ಪರದ ಹಿಂದೆ. ಅವನು ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದೆ ಚಾಚಿ ಗೋಡೆಗೆ ಒರಗಿ ಕುಳಿತಿದ್ದ. ನಮ್ಮನ್ನು ಕಂಡು ಏಳಲು ನೋಡಿದ. ಮಗಳು ಯೋಗಿತಾ ಚಾಪೆ ಹಾಸಿ ನೀರು ತಂದಿಟ್ಟು ಒಳಗೆ ಹೋದಳು. ಪುಂಡಲೀಕ ನೀರು ಮುಟ್ಟಲಿಲ್ಲ. ಪೀಠಿಕೆಯಿಲ್ಲದೆ ಹೇಳಿದ: ಪಿನ್ನು ಸರಿಯಾಗಿ ಮಡಚಿರಲಿಲ್ಲ, ಅದರಿಂದ ಬೈಕು ಬಿತ್ತು, ಮಾಸ್ತಮ್ಮ ಹೋದದ್ದು ತನ್ನ ಕೈಯಿಂದ.

“ಲಾರಿ, ಒಡ್ಯಾ. ಲಾರಿ ಹತ್ತದ್ದು,” ಎಂದ ಜಟ್ಟ. ದೊಡ್ಡವರಿಗೆ ಏನೋ ತಪ್ಪು ತಿಳಿವಳಿಕೆಯಾಗಿದೆ ಎಂಬಂತೆ ಮೆಲ್ಲಗೆ ಹೇಳಿದ.

ಪುಂಡಲೀಕ ಇನ್ನೊಮ್ಮೆ ಹೇಳಿದ. ನೆಲದ ಮರಳಿನಲ್ಲಿ ಎಡಗೈ ಬೆರಳಿನಿಂದ ಚಕ್ರ ಬರೆದು, ತೋಳು ಬರೆದು, ಬೋಲ್ಟಿನ ಜಾಗ ತೋರಿಸಿದ. ಜಟ್ಟ ಬಗ್ಗಿ ನೋಡಿದ. ನೋಡುತ್ತ ನೋಡುತ್ತ ಅವನಿಗೆ ಅರ್ಥವಾಯಿತು.

“ಚಕ್ರ ಹಿಡದ್ದು ನಾ ಬ್ರೇಕ್ ಒತ್ತಿದಾಗ?”

“ಹೌದು.”

“ಹಂಗಾರೆ ನಾ ಒತ್ತದ್ದಕ್ಕೆ ಅವ್ಳು ಬಿದ್ದದ್ದು.”

ಇದನ್ನು ಪುಂಡಲೀಕ ಎಣಿಸಿರಲಿಲ್ಲ. ನಾನೂ ಎಣಿಸಿರಲಿಲ್ಲ. ತನ್ನ ಮೇಲಿನ ಭಾರ ಇಳಿಸಲು ಬಂದವನು ಅದರ ಒಂದು ಪಾಲನ್ನು ಕಾಲು ಮುರಿದವನ ತಲೆಯ ಮೇಲೆ ಇಟ್ಟಿದ್ದ. ಲಾರಿಯೊಂದೇ ಕಾರಣವೆಂದು ತಿಳಿದು ಜಟ್ಟ ಆ ಹದಿನೈದು ದಿನ ಹೇಗೋ ಉಂಡು ಮಲಗಿದ್ದ.

“ನೀ ಒತ್ತದ್ದು ಸಮಾನೇ ಇತ್ತು,” ಎಂದ ಪುಂಡಲೀಕ. “ದನ ಬಂದ್ರೆ ಯಾರಾದ್ರೂ ಒತ್ತೂದೇಯ. ತಪ್ಪು ನಂದು.”

ಜಟ್ಟ ಮರಳಿನ ಮೇಲಿನ ಗೆರೆಗಳನ್ನೇ ನೋಡುತ್ತಿದ್ದ. ಒಳಗೆ ಯೋಗಿತಾ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದ್ದಳು.

“ಕೈ ಸಮ ಇಲ್ಲ ಹೇಳಿ ನಿಮಗೆ ಗೊತ್ತಿತ್ತಾ, ಒಡ್ಯಾ?”

“ಇಲ್ಲ.”

“ಯಾರಿಗಾದ್ರೂ ಗೊತ್ತಿತ್ತಾ?”

ಪುಂಡಲೀಕನ ಒಂದು ಪಕ್ಕಕ್ಕೆ ಜಯಂತಿ ಕುಳಿತಿದ್ದಳು, ಇನ್ನೊಂದು ಪಕ್ಕಕ್ಕೆ ನಾನು. ಜಯಂತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಏನೋ ಹೇಳಲು ಹೊರಟಳು. ಅವನು ಅವಳ ಕಡೆ ತಿರುಗಲಿಲ್ಲ.

“ಯಾರಿಗೂ ಗೊತ್ತಿರಲಿಲ್ಲ,” ಎಂದ.

ಆ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ತಿದ್ದಬೇಕಾಗಿದ್ದವಳು ನಾನು. ಹೆಂಡತಿಗೆ ಗಂಡನ ಮಾತು ಮೀರುವುದು ಕಷ್ಟವೆನ್ನಬಹುದು. ನನಗೆ ಅಂಥ ಕಟ್ಟು ಏನೂ ಇರಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಜಟ್ಟ ತಲೆಯಾಡಿಸಿದ. ಯಾರಿಗೂ ಗೊತ್ತಿಲ್ಲದ್ದಕ್ಕೆ ಯಾರೇನು ಮಾಡಲಾಗುತ್ತದೆ ಎಂಬರ್ಥದ ಮಾತನ್ನು ಮೆಲ್ಲಗೆ ಹೇಳಿ, ಮಗಳನ್ನು ಕರೆದು ಚಹಾ ಮಾಡಲು ಹೇಳಿದ. ನಾವು ಆ ಚಹಾ ಕುಡಿದೆವು.

ಲಾರಿ ಚಾಲಕನಿಗೆ ಜಾಮೀನು ಸಿಕ್ಕಿತು; ಮೊಕದ್ದಮೆ ಎರಡು ವರ್ಷ ನಡೆದು ಅವನಿಗೆ ಶಿಕ್ಷೆಯಾಯಿತು ಎಂದು ಕೇಳಿದೆ. ಜಯಂತಿ ಗೇರುಬೀಜದ ಶೆಡ್ಡಿಗೆ ಮರಳಿ ಹೋದಳು. ಗಂಡಹೆಂಡಿರು ಅದೇ ಮನೆಯಲ್ಲಿ ಇದ್ದರು, ಮಾತು ಆಡುತ್ತಿದ್ದರು, ಬೈಕಿನ ವಿಷಯ ಮಾತ್ರ ಎತ್ತಲಿಲ್ಲ ಎಂದು ರೂಪಾಲಿ ಹೇಳುತ್ತಿದ್ದಳು. ಪುಂಡಲೀಕ 2009ರ ಮಳೆಗಾಲದಲ್ಲಿ ಎರಡನೆಯ ಲಕ್ವಾ ಹೊಡೆದು ತೀರಿಕೊಂಡ. ಗ್ಯಾರೇಜನ್ನು ಅವನು ಬಿಟ್ಟುಕೊಟ್ಟದ್ದು ಹಾರವಾಡದಿಂದ ಬಂದ ದಿನವೇ. ಕಾರನ್ನು ಅದರ ಮುಂದೆ ನಿಲ್ಲಿಸಲು ಹೇಳಿದ. ಸಾಯಿನಾಥ ಕೆಲಸ ಬಿಟ್ಟು ಕೈ ಒರೆಸುತ್ತ ಬಂದ. ಪುಂಡಲೀಕ ಕಾರಿನಿಂದ ಇಳಿಯದೆ, ಕಿಟಕಿಯಿಂದ, ಕೀಲಿಕೈಯನ್ನು ಎಡಗೈಯಲ್ಲಿ ಚಾಚಿದ. ಎಡಗೈಯಿಂದ ಕೊಡುವುದು ಅವಮಾನವೆಂದು ತಿಳಿದ ಊರು ಅದು. ಸಾಯಿನಾಥ ಆ ಕೈಯನ್ನೂ ಅವನ ಮುಖವನ್ನೂ ಒಮ್ಮೆ ನೋಡಿ, ಎರಡೂ ಕೈ ಒಡ್ಡಿ ತೆಗೆದುಕೊಂಡ.